ಕಳೆಯೋ, ಸೊಪ್ಪೋ

ಏಳು ವರ್ಷದ ಹುಡುಗ ಹಾಳೆಯ ತುಂಬ ಚೌಕಗಳನ್ನು ಎಳೆದು, ಒಳಗೆಲ್ಲ ಅಂಕಿ ಬರೆದಿದ್ದ. ಅಪ್ಪನಿಗೆ ಮೊದಲು ತಲೆಬುಡ ತಿಳಿಯಲಿಲ್ಲ. ಆಮೇಲೆ ಹೊಳೆಯಿತು: ಅದು ಯುರೋಪಿನ ರಸ್ತೆ ನಕಾಶೆ ಪುಸ್ತಕದ ಸೂಚಿ ಪುಟ. ಯಾವ ಸೀಮೆ ಎಷ್ಟನೇ ಪುಟದಲ್ಲಿದೆ ಎಂಬುದನ್ನು ಹುಡುಗ ನೆನಪಿನಿಂದಲೇ ಇಳಿಸಿದ್ದ. ಪುಸ್ತಕ ತೆಗೆದು ತಾಳೆ ನೋಡಿದರೆ ಒಂದು ಅಂಕಿಯೂ ತಪ್ಪಿಲ್ಲ.

ಹುಡುಗ ಲಾರ್ಸ್, ಅಪ್ಪ ಡೆನ್ಮಾರ್ಕಿನ ಥೋರ್ಕಿಲ್ ಸೋನ್ನೆ. ಮೂರನೇ ವಯಸ್ಸಿಗೇ ಮಗನಿಗೆ ಆಟಿಸಂ ಇದೆಯೆಂದು ಗೊತ್ತಾಗಿತ್ತು. ಟೆಲಿಕಾಂ ಕಂಪನಿಯ ಒಳ್ಳೆಯ ಕೆಲಸ ಬಿಟ್ಟು, ಮನೆಯ ಮೇಲೆ ಸಾಲ ಎತ್ತಿ, ಸೋನ್ನೆ 2004ರಲ್ಲಿ ಒಂದು ಪುಟ್ಟ ಕಂಪನಿ ತೆರೆದರು. ಹೆಸರು ಸ್ಪೆಷಲಿಸ್ಟರ್ನೆ, ಎಂದರೆ ಪರಿಣತರು. ಆಟಿಸಂ ಇರುವವರನ್ನು ಸೇರಿಸಿಕೊಂಡು ಸಾಫ್ಟ್‌ವೇರ್ ಪರೀಕ್ಷಿಸಿಕೊಡುವುದು ಅದರ ವ್ಯವಹಾರ. ದಾನಕ್ಕೆ ಕೈ ಚಾಚಲಿಲ್ಲ. ಕೆಲಸ ಮಾಡಿಕೊಟ್ಟು ಅದಕ್ಕೆ ತಕ್ಕ ದುಡ್ಡು ಕೇಳಿದರು.

ಈ ಪ್ರಯೋಗದಲ್ಲಿ ನಾನು ಎಲ್ಲಕ್ಕಿಂತ ಮೆಚ್ಚುವುದು ಸಂದರ್ಶನವನ್ನು ಕೈಬಿಟ್ಟದ್ದನ್ನು. ಎದುರು ಕೂತವರ ಕಣ್ಣು ನೋಡುತ್ತ, ‘ನಿಮ್ಮ ಬಗ್ಗೆ ಹೇಳಿ’ ಎಂಬ ತಳವಿಲ್ಲದ ಪ್ರಶ್ನೆಗೆ ನಗುನಗುತ್ತ ಉತ್ತರಿಸಬೇಕು. ತಪ್ಪು ಹುಡುಕುವ ಕೆಲಸಕ್ಕೆ ಇದರಿಂದ ಏನಾಗಬೇಕು? ಇಲ್ಲಿ ಲೆಗೊ ರೋಬಾಟ್ ಕಿಟ್ ಕೊಟ್ಟು, ಜೋಡಿಸಲು ಬಿಟ್ಟು, ದಿನಗಟ್ಟಲೆ ನೋಡಿದರು. ಮಗನನ್ನು ತಿದ್ದುವ ಬದಲು ಅಪ್ಪ ಬಾಗಿಲನ್ನೇ ಅಗಲ ಮಾಡಿದರು. ಬೆಂಗಳೂರಿಗೂ ಇದರ ನಂಟಿದೆ. 2013ರಲ್ಲಿ ಜರ್ಮನಿಯ ಸ್ಯಾಪ್ ಕಂಪನಿ ಸ್ಪೆಷಲಿಸ್ಟರ್ನೆಯ ಕೈ ಹಿಡಿಯುವ ಹೊತ್ತಿಗೆ ಭಾರತದ ಸ್ಯಾಪ್ ಲ್ಯಾಬ್ಸ್‌ನಲ್ಲಿ ಆಟಿಸಂ ಇರುವ ಆರು ಮಂದಿ ಪರೀಕ್ಷಕರಾಗಿ ಸೇರಿಯಾಗಿತ್ತು.

ನನ್ನ ತಕರಾರು ಕಂಪನಿಯ ಚಿಹ್ನೆಯ ಬಗ್ಗೆ. ಸೋನ್ನೆ ಆರಿಸಿಕೊಂಡದ್ದು ಡ್ಯಾಂಡೆಲಿಯನ್ ಗಿಡ. ಹುಲ್ಲುಹಾಸಿನಲ್ಲಿ ಕಂಡರೆ ಕಿತ್ತೆಸೆಯುವ ಕಳೆ, ಬಲ್ಲವರಿಗೆ ತಿನ್ನುವ ಸೊಪ್ಪು. ಹೋಲಿಕೆ ನನಗೆ ಥಟ್ಟನೆ ಹಿಡಿಸಿತ್ತು, ಯಾಕೆಂದರೆ ರಾಗಿ ಹೊಲಕ್ಕೆ ಕಳೆ ಕೀಳಲು ಹೋದ ನಮ್ಮಜ್ಜಿ ಮಡಿಲಲ್ಲಿ ಬೆರಕೆ ಸೊಪ್ಪು ಕಟ್ಟಿಕೊಂಡು ಬರುತ್ತಿದ್ದರು. ಅಣ್ಣೆ ಸೊಪ್ಪು, ಹೊನಗೊನೆ, ಸಂಜೆಗೆ ಮಸ್ಸೊಪ್ಪು. ಆದರೆ ಅಜ್ಜಿಯ ಮಡಿಲಿಗೂ ಎಲ್ಲ ಗಿಡ ಬೀಳುತ್ತಿರಲಿಲ್ಲ. ತಿನ್ನಲು ಬಾರದ್ದು ಬದುವಿನ ಮೇಲೆ ಒಣಗುತ್ತಿತ್ತು.

ಈ ಚಿಹ್ನೆ ಹೇಳದೆ ಬಿಟ್ಟದ್ದು ಅದನ್ನೇ. ನೆನಪಿನ ಶಕ್ತಿ ಇದೆ, ತಪ್ಪು ಹಿಡಿಯುವ ಕಣ್ಣಿದೆ, ಆದ್ದರಿಂದ ಸೇರಿಸಿಕೊಳ್ಳಿ ಎಂದರೆ ಮಾತೇ ಬಾರದ, ಯಾವ ಪವಾಡವೂ ಇಲ್ಲದ ಮಗುವಿನ ಅಪ್ಪ ಅಮ್ಮ ಏನೆಂದು ಕೇಳಬೇಕು? ಒಂದು ಕಂಪನಿ ಎಲ್ಲರನ್ನೂ ಹೊರಲಾರದು, ಒಪ್ಪುತ್ತೇನೆ. ಲಾಭದ ಲೆಕ್ಕವಿಲ್ಲದೆ ಅದು ಒಂದು ವರ್ಷವೂ ಬಾಳುತ್ತಿರಲಿಲ್ಲ. ಆದರೆ ಅದರ ಕತೆಯನ್ನು ಸ್ವೀಕಾರದ ಪೂರ್ತಿ ಕತೆಯೆಂದು ಪತ್ರಿಕೆಗಳು ಹೇಳಿದಾಗ ನನಗೆ ಸಂಕಟವಾಗುತ್ತದೆ.

ಅಕ್ಕನ ಮಗನಿಗೆ ಹದಿನಾಲ್ಕು ವರ್ಷ. ಮಾತಿಲ್ಲ. ಮಧ್ಯಾಹ್ನವೆಲ್ಲ ನಡುಮನೆಯಲ್ಲಿ ಹುಣಸೆ ಬೀಜಗಳನ್ನು ಸಾಲು ಸಾಲಾಗಿ ಜೋಡಿಸುತ್ತಾನೆ. ಯಾವ ಪುಸ್ತಕ ತೆಗೆದರೂ ತಾಳೆ ನೋಡಲಾಗದ ಸಾಲುಗಳು ಅವು. ಸಂಜೆ ಕಸ ಗುಡಿಸುವಾಗ ಅಕ್ಕ ಪೊರಕೆಯನ್ನು ಅವುಗಳ ಸುತ್ತ ಬಳಸಿಕೊಂಡು ಹೋಗುತ್ತಾಳೆ.