ಅಂಚು ನೋಡದೆ ಬೆಲೆ ಕಟ್ಟಬೇಡಿ

ಹಳೆಯ ಬೆಳ್ಳಿ ರೂಬಲ್ ಒಂದು ಕೈಗೆ ಬಂದರೆ ಹೆಚ್ಚಿನವರು ಮೊದಲು ಇಸವಿ ನೋಡುತ್ತಾರೆ, ಆಮೇಲೆ ಹೊಳಪು ನೋಡುತ್ತಾರೆ, ಕೂಡಲೇ ಬೆಲೆ ಎಷ್ಟು ಎನ್ನುತ್ತಾರೆ. ನಾಣ್ಯ ಸಂಗ್ರಹದಲ್ಲಿ ರೂಢಿಯಾಗಿಬಿಟ್ಟಿರುವ ಈ ಕ್ರಮವೇ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ರಷ್ಯದ ಕೊನೆಯ ತ್ಸಾರ್ ಎರಡನೇ ನಿಕೊಲಾಸ್‌ನ ಕಾಲದ ರೂಬಲ್ಲುಗಳೇ ಇದಕ್ಕೆ ಸಾಕ್ಷಿ.

1898ರ ರೂಬಲ್ ತೆಗೆದುಕೊಳ್ಳಿ. ಒಂದು ಬದಿಗೆ ಎಡಕ್ಕೆ ಮುಖ ಮಾಡಿದ ಗಡ್ಡದ ತ್ಸಾರ್, ಇನ್ನೊಂದು ಬದಿಗೆ ಎರಡು ತಲೆಯ ಹದ್ದು. ಎಲ್ಲದರಲ್ಲೂ ಇಸವಿ ಒಂದೇ, ಚಿತ್ರವೂ ಒಂದೇ. ಆದರೆ ಇದನ್ನು ಅಚ್ಚು ಹಾಕಿದ ಟಂಕಸಾಲೆಗಳು ಮೂರು. ಹಣಕಾಸು ಮಂತ್ರಿ ವಿಟ್ಟೆ ನಾಣ್ಯ ಸುಧಾರಣೆಗೆ ಕೈಹಾಕಿದ್ದ ಆ ವರ್ಷಗಳಲ್ಲಿ ಬೆಳ್ಳಿ ನಾಣ್ಯ ಹೇರಳವಾಗಿ ಬೇಕಿತ್ತು. ಸೇಂಟ್ ಪೀಟರ್ಸ್‌ಬರ್ಗಿನ ಟಂಕಸಾಲೆಯೊಂದರಿಂದಲೇ ಅದು ಪೂರೈಸದೆ ಪ್ಯಾರಿಸ್ ಮತ್ತು ಬ್ರಸೆಲ್ಸ್‌ಗಳಿಗೂ ಕೆಲಸ ಹೋಯಿತು. ಯಾವುದು ಎಲ್ಲಿಯದು ಎಂದು ಹೇಳುವುದು ನಾಣ್ಯದ ಅಂಚು ಮಾತ್ರ. ಟಂಕಸಾಲೆಯ ಅಧಿಕಾರಿಯ ಹೆಸರಿನ 'ಎ.ಜಿ.' ಅಕ್ಷರಗಳಿದ್ದರೆ ಪೀಟರ್ಸ್‌ಬರ್ಗಿನದು, ಒಂದು ನಕ್ಷತ್ರವಿದ್ದರೆ ಪ್ಯಾರಿಸ್ಸಿನದು, ಎರಡು ನಕ್ಷತ್ರವಿದ್ದರೆ ಬ್ರಸೆಲ್ಸ್‌ನದು. ಎರಡು ಮುಖಗಳನ್ನಷ್ಟೇ ಫೋಟೋ ತೆಗೆದು ಬೆಲೆ ಕೇಳುವವರು ಉತ್ತರ ಇರುವ ಜಾಗವನ್ನೇ ಬಿಟ್ಟಿರುತ್ತಾರೆ.

ಅಂಚಿನಲ್ಲಿ ಇನ್ನೂ ಒಂದು ಮಾತಿದೆ. ಚೊಕ್ಕ ಬೆಳ್ಳಿ 4 ಜೊಲೋತ್ನಿಕ್ 21 ದೋಲ್ಯಾ ಎಂದು ಅಲ್ಲಿ ತಗ್ಗಿನ ಅಕ್ಷರಗಳಲ್ಲಿ ಕೊರೆದಿರುತ್ತದೆ. ಒಂದು ಜೊಲೋತ್ನಿಕ್ ಎಂದರೆ ಸುಮಾರು 4.27 ಗ್ರಾಂ, ಅದರಲ್ಲಿ 96 ದೋಲ್ಯಾ. ಲೆಕ್ಕ ಹಾಕಿದರೆ 18 ಗ್ರಾಂ ಬೆಳ್ಳಿ. ನಾಣ್ಯದ ಒಟ್ಟು ತೂಕ 20 ಗ್ರಾಂ, ಅಂದರೆ ನೂರಕ್ಕೆ 90 ಪಾಲು ಬೆಳ್ಳಿ. ಸವೆದ ನಾಣ್ಯ ತುಸು ಹಗುರಾಗುವುದು ಸಹಜ. ಆದರೆ ಹೊಸತರಂತೆ ಕಾಣುವ ರೂಬಲ್ 18 ಗ್ರಾಂ ತೂಗಿದರೆ ಅನುಮಾನಿಸಲೇಬೇಕು. ಖೋಟಾ ಮಾಡುವವರು ಮುಖದ ಮೇಲೆ ಪಡುವ ಶ್ರಮವನ್ನು ಅಂಚಿನ ಮೇಲೆ ಪಡುವುದು ಕಡಿಮೆ. ಎರಕದ ಗೆರೆ, ಮೊಂಡಾದ ಅಕ್ಷರ, ಅಕ್ಷರಗಳ ನಡುವೆ ಏರುಪೇರಾದ ಅಂತರ ಭೂತಗನ್ನಡಿಯಲ್ಲಿ ಬೇಗ ಸಿಕ್ಕಿಬೀಳುತ್ತವೆ. 'ಚೊಕ್ಕ' ಎಂಬರ್ಥದ ರಷ್ಯನ್ ಪದವನ್ನು ಆಗ 'ಚಿಸ್ತಾಗೊ' ಎಂದು ಬರೆಯುತ್ತಿದ್ದರು. 1918ರ ಲಿಪಿ ಸುಧಾರಣೆಯ ನಂತರ ಅದು 'ಚಿಸ್ತೊಗೊ' ಆಯಿತು. ತ್ಸಾರನ ಮುಖವಿರುವ ರೂಬಲ್ಲಿನ ಅಂಚಿನಲ್ಲಿ ಈ ಹೊಸ ರೂಪ ಕಂಡರೆ ಮುಂದಿನ ಪರೀಕ್ಷೆ ಬೇಕಿಲ್ಲ.

ಗುರುತಿಸಿದ ಮೇಲೆ ಬರುವುದು ಗ್ರೇಡಿಂಗ್, ಅಂದರೆ ನಾಣ್ಯದ ಸ್ಥಿತಿಗೆ ದರ್ಜೆ ಕೊಡುವುದು. ಇಲ್ಲಿ ನನ್ನ ತಕರಾರು ಇನ್ನೂ ದೊಡ್ಡದು. ಇಂದು ಹರಾಜುಕಟ್ಟೆಗಳಲ್ಲಿ ನಡೆಯುವುದು 1ರಿಂದ 70ರವರೆಗಿನ ಅಂಕ. ವಿಲಿಯಂ ಶೆಲ್ಡನ್ 1949ರಲ್ಲಿ ಅದನ್ನು ರೂಪಿಸಿದ್ದು ಅಮೆರಿಕದ ಹಳೆಯ ತಾಮ್ರದ ಸೆಂಟ್‌ಗಳಿಗಾಗಿ. ಬೇರೆ ದೇಶದ, ಬೇರೆ ಲೋಹದ ನಾಣ್ಯಕ್ಕೆ ಹೊಲಿದ ಅಳತೆಯನ್ನು ರೂಬಲ್ಲಿಗೆ ತೊಡಿಸುವಾಗ ಎಚ್ಚರ ಬೇಕು. 1913ರಲ್ಲಿ ರೊಮಾನೊವ್ ವಂಶದ 300 ವರ್ಷದ ನೆನಪಿಗೆ ಹೊರಬಂದ ರೂಬಲ್ ನೋಡಿ. ಒಂದೇ ಬದಿಯಲ್ಲಿ ಮುಂದೆ ನಿಕೊಲಾಸ್, ಅವನ ಹಿಂದೆ ವಂಶದ ಮೊದಲ ತ್ಸಾರ್ ಮಿಖಾಯಿಲ್. ಇದರಲ್ಲಿ ಉಬ್ಬಚ್ಚು, ಚಪ್ಪಟೆಯಚ್ಚು ಎಂಬ ಎರಡು ಬಗೆಗಳಿವೆ. ಚಪ್ಪಟೆಯಚ್ಚಿನಲ್ಲಿ ಗಡ್ಡದ ಎಳೆಗಳು ಹುಟ್ಟಿನಿಂದಲೇ ಮಾಸಲು. ಅದನ್ನು ಸವಕಲು ಎಂದುಕೊಂಡರೆ ಬಳಕೆಯೇ ಆಗದ ನಾಣ್ಯವೂ ಕೆಳಗಿನ ದರ್ಜೆಗೆ ಇಳಿಯುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದು ತಿರುಗಿಸಿ ನೋಡಬೇಕು. ಉಬ್ಬಿದ ಭಾಗದ ಮೇಲೂ ಟಂಕಸಾಲೆಯ ಹೊಳಪು ಕಡಿಯದೆ ಸಾಗಿದರೆ ತಪ್ಪು ಅಚ್ಚಿನದು, ಅಲ್ಲಿ ಮಾತ್ರ ಬೂದುಬಣ್ಣ ತಿರುಗಿದ್ದರೆ ಅದು ಸವೆತ. ಬರೀ ಅಂಕ ಈ ವ್ಯತ್ಯಾಸವನ್ನು ಹೇಳುವುದಿಲ್ಲ. ಯಾಕೆ ಆ ಅಂಕ ಎಂದು ಎರಡು ಸಾಲು ಬರೆಯದ ಗ್ರೇಡಿಂಗ್ ನನ್ನ ದೃಷ್ಟಿಯಲ್ಲಿ ಅರೆಕೆಲಸ.

ಬೆಲೆಯ ಮಾತು ಕೊನೆಗೆ. ಈ ಸ್ಮಾರಕ ರೂಬಲ್ 14 ಲಕ್ಷಕ್ಕೂ ಹೆಚ್ಚು ಅಚ್ಚಾಗಿದೆ, ಹಾಗಾಗಿ ಸುಲಭವಾಗಿ ಸಿಗುತ್ತದೆ. ಅದೇ 1913ರ ಮಾಮೂಲಿ ರೂಬಲ್ ಅಚ್ಚಾದದ್ದು ತೀರಾ ಕಡಿಮೆ, ಸಿಗುವುದು ಕಷ್ಟ. ಚೆಂದವಾಗಿರುವುದು ಅಗ್ಗ, ಸಾಧಾರಣವಾಗಿ ಕಾಣುವುದು ದುಬಾರಿ. ಇಸವಿಯಾಗಲಿ ವಯಸ್ಸಾಗಲಿ ತಾವಾಗಿಯೇ ಬೆಲೆ ತರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಬೆಳ್ಳಿಯ ಆಯಾ ದಿನದ ದರದಂತೆ 18 ಗ್ರಾಂ ಲೆಕ್ಕ ಹಾಕುವುದೂ ಬೆಲೆಯ ತಳಮಟ್ಟವನ್ನಷ್ಟೇ ತೋರಿಸುತ್ತದೆ.

ಮನೆಯ ಪೆಟ್ಟಿಗೆಯಲ್ಲಿ ಇಂಥ ನಾಣ್ಯ ಸಿಕ್ಕವರಲ್ಲಿ ನನ್ನದೊಂದು ಕೋರಿಕೆ. ಬೆಳ್ಳಿ ದೀಪ ಬೆಳಗುವ ಹಾಗೆ ವಿಭೂತಿ ಹಾಕಿಯೋ ಹುಣಸೆಹಣ್ಣು ತಿಕ್ಕಿಯೋ ಅದನ್ನು ಬೆಳಗಬೇಡಿ. ಕಪ್ಪು ಹೋಗುವಾಗ ಟಂಕಸಾಲೆಯ ಮೂಲ ಹೊಳಪೂ ಹೋಗುತ್ತದೆ, ಮತ್ತೆ ಬರುವುದಿಲ್ಲ. ಅಂಚು ಹಿಡಿದೇ ಎತ್ತಿ, ಅಂಚನ್ನೇ ಮೊದಲು ಓದಿ, ತೂಕ ಮಾಡಿ, ಅಚ್ಚು ಯಾವುದು ಸವೆತ ಯಾವುದು ಎಂದು ಬಿಡಿಸಿಕೊಳ್ಳಿ. ಬೆಲೆ ಕೇಳುವುದು ಅದಾದ ಮೇಲಿರಲಿ.