ಅಂಚಿನಲ್ಲಿ ನಡೆಯೋರು

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ 2022ರ ಅಪಘಾತ ವರದಿಯನ್ನ ಬಗ್ ಹುಡುಕೋ ಚಟದಲ್ಲೇ ಓದಿದೆ. ಸತ್ತವರು 1,68,491, ಅವರಲ್ಲಿ ನಡೆದು ಹೋಗ್ತಿದ್ದವರೇ 32,825. ಕಾರಣದ ಕೋಷ್ಟಕದಲ್ಲಿ ಅತಿವೇಗದ್ದೇ ಸಿಂಹಪಾಲು, ನೂರಕ್ಕೆ 71 ಸಾವು. ಸುಳ್ಳಲ್ಲ. ಆದರೆ ಈ ಲೆಕ್ಕ ಬರೋದು ಪೊಲೀಸ್ ದಾಖಲೆಯಿಂದ, ಪೊಲೀಸರು ಹುಡುಕೋದು ತಪ್ಪಿತಸ್ಥನನ್ನ. ನಡೆಯೋಕೆ ಜಾಗವೇ ಇರಲಿಲ್ಲ ಅನ್ನೋದಕ್ಕೆ ಆ ಕೋಷ್ಟಕದಲ್ಲಿ ಕಾಲಂ ಇಲ್ಲ.

ನಮ್ಮ ಕಡೆ ಬಂದು ನೋಡ್ರಿ. ಹುಕ್ಕೇರಿ ತಾಲ್ಲೂಕನ್ನ ರಾಷ್ಟ್ರೀಯ ಹೆದ್ದಾರಿ 48 ಸೀಳಿಕೊಂಡು ಹೋಗುತ್ತೆ. ಈ ಕಡೆ ಊರು, ಆ ಕಡೆ ಹೊಲ. ತಲೆ ಮ್ಯಾಲೆ ಮೇವಿನ ಹೊರೆ ಹೊತ್ತಾಕಿ ದೂರದ ಬ್ರಿಜ್ ಸುತ್ತಿ ಬರ್ತಾಳೇನು? ಗೋಕಾಕ, ಮೂಡಲಗಿ ಕಡೆ ಕಬ್ಬಿನ ಹಂಗಾಮು ಶುರುವಾದ್ರೆ ಎರಡೆರಡು ಟ್ರೇಲರ್ ಎಳೆಯೋ ಟ್ರ್ಯಾಕ್ಟರ್ ಸಾಲು. ಎಷ್ಟೋ ಟ್ರೇಲರಿಗೆ ಹಿಂದೆ ದೀಪವಿಲ್ಲ, ಕಬ್ಬು ಎರಡೂ ಬದಿ ಚಾಚಿರುತ್ತೆ. ಎದುರು ಬರೋ ಬೈಕಿನವ ಅಂಚಿಗೆ ಇಳೀಲೇಬೇಕು. ಅದೇ ಅಂಚಿನಲ್ಲಿ ನನ್ನಪ್ಪ ದಿನಾ ಸಂಜಿ ಡೇರಿಗೆ ಹಾಲು ಒಯ್ತಾನ. ಏನಾದ್ರೂ ಆದ್ರೆ ದಾಖಲೆಯಲ್ಲಿ ಬರೋದು ‘ಬೈಕ್ ಸವಾರನ ನಿರ್ಲಕ್ಷ್ಯ’. ಅಷ್ಟೊತ್ತಿಗೆ ಕಬ್ಬಿನ ಗಾಡಿ ಕಾರ್ಖಾನೆ ಮುಟ್ಟಿರುತ್ತೆ.