ಮೈಕು ತೆರೆದಿತ್ತು, ಕಿವಿ?

ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯಲ್ಲಿ ಈಚೆಗೆ ಒಂದು ಸಂಜೆ ಊರ ಹುಡುಗರೇ ಸೇರಿ ‘ಓಪನ್ ಮೈಕ್’ ಕವಿಗೋಷ್ಠಿ ನಡೆಸಿದರು. ಉದ್ಘಾಟನೆ ಇಲ್ಲ, ಹಾರ ತುರಾಯಿ ಇಲ್ಲ. ಹೆಸರು ಬರೆಸಿದವರೆಲ್ಲ ಎದ್ದು ಬಂದು ಓದಬಹುದು. ದೀಪ ಹಚ್ಚುವ ಗಣ್ಯರಿಗಾಗಿ ಎರಡು ಗಂಟೆ ಕಾಯುವ ಗೋಷ್ಠಿಗಳಿಂದ ಬೇಸತ್ತ ನನಗೆ ಇದು ಸಮಾಧಾನದ ಸಂಗತಿಯೇ ಆಗಿತ್ತು. ಕವಿತೆ ಓದಲು ಯಾರ ಶಿಫಾರಸೂ ಬೇಡ ಎನ್ನುವುದು ಸಣ್ಣ ಮಾತಲ್ಲ. ಆದರೂ ಊರಿಗೆ ಮರಳುವಾಗ ಮನಸ್ಸಿನಲ್ಲಿ ಒಂದು ಕೊರಗು ಉಳಿದಿತ್ತು.

ಓದಿದವರು ಇಪ್ಪತ್ತಕ್ಕೂ ಹೆಚ್ಚು ಮಂದಿ. ಅಮ್ಮ, ಕನ್ನಡ ತಾಯಿ, ಸೈನಿಕ, ಮೊದಲ ಪ್ರೀತಿ, ಮಳೆ. ಪ್ರಾಸಕ್ಕೆ ಕೊರತೆ ಇರಲಿಲ್ಲ. ಆದರೆ ಈ ಕವಿತೆಗಳನ್ನು ಮಂಡ್ಯದಲ್ಲಿ ಓದಿದ್ದರೂ ಮಂಗಳೂರಿನಲ್ಲಿ ಓದಿದ್ದರೂ ಒಂದಕ್ಷರ ಬದಲಿಸಬೇಕಾಗಿರಲಿಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಇಲ್ಲಿ ಓದಿದ ಮಳೆಯ ಕವಿತೆಯಲ್ಲಿ ಅಡಿಕೆ ತೋಟವಿತ್ತು, ತುಂಬಿ ಹರಿಯುವ ಹೊಳೆಯಿತ್ತು. ಶೇಂಗಾ ಬಿತ್ತಿ ಮುಗಿಲು ನೋಡುತ್ತಾ ಕೂತ ರೈತನಿರಲಿಲ್ಲ.

ಈ ಊರಿನ ಹೆಸರನ್ನೇ ಹೊತ್ತ ಉಳ್ಳಾರ್ತಿ ಕಾವಲಿನ ವಿಷಯವನ್ನೇ ತೆಗೆದುಕೊಳ್ಳಿ. ಮೈಸೂರು ಅರಸರ ಕಾಲದ ‘ಬೆಣ್ಣೆ ಚಾವಡಿ’ಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ. ಆ ದನಗಳಿಗಾಗಿ ಕಾದಿರಿಸಿದ ಹುಲ್ಲುಗಾವಲುಗಳೇ ಈ ಕಾವಲುಗಳು. ಕುರಿ ಸಾಕುವವರು, ಕಂಬಳಿ ನೇಯುವವರು ತಲೆತಲಾಂತರದಿಂದ ಇವನ್ನು ನಂಬಿ ಬದುಕಿದವರು. 2010ರ ಆಸುಪಾಸಿನಲ್ಲಿ ಚಳ್ಳಕೆರೆ ತಾಲ್ಲೂಕಿನ ಸುಮಾರು 10 ಸಾವಿರ ಎಕರೆ ಕಾವಲು ಭೂಮಿ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮೊದಲಾದ ಸಂಸ್ಥೆಗಳ ಪಾಲಾಯಿತು. ಬೇಲಿಯೂ ಗೋಡೆಯೂ ಎದ್ದವು. ಹಸಿರು ನ್ಯಾಯಮಂಡಳಿಯವರೆಗೂ ಹೋದ ಈ ಸಂಗತಿ ಅಂದಿನ ಗೋಷ್ಠಿಯನ್ನು ಪ್ರವೇಶಿಸಿದ್ದು ಒಮ್ಮೆ ಮಾತ್ರ. ನಡುವಯಸ್ಸಿನ ಒಬ್ಬ ಹೆಣ್ಣುಮಗಳು ಗೋಡೆಯ ತನಕ ಹೋಗಿ, ಮೂಸಿ, ಹಿಂದಿರುಗಿ ಬರುವ ಕುರಿಯೊಂದರ ಬಗ್ಗೆ ಎಂಟೇ ಸಾಲು ಓದಿದರು. ಪ್ರಾಸವಿಲ್ಲ, ಘೋಷಣೆಯಿಲ್ಲ. ಚಪ್ಪಾಳೆಯೂ ಅಷ್ಟಾಗಿ ಬೀಳಲಿಲ್ಲ. ಅಂದಿನ ನಿಜವಾದ ಕವಿತೆ ಅದೊಂದೇ ಎಂದು ನನ್ನ ಭಾವನೆ.

ಇನ್ನೊಬ್ಬ ಪಿಂಜಾರರ ಹುಡುಗ. ಮನೆಮಾತೇ ಕನ್ನಡ. ನಿರೂಪಕರು ಅವನನ್ನು ‘ನಮ್ಮ ಭಾವೈಕ್ಯದ ಕವಿ’ ಎಂದು ಕರೆದರು. ಅವನೂ ರಾಮ ರಹೀಮ, ಗುಡಿ ಮಸೀದಿ ಎಂದು ಓದಿದ. ಆ ಸಂಜೆಯ ಅತಿ ಹೆಚ್ಚು ಚಪ್ಪಾಳೆ ಅವನಿಗೇ. ಕಾರ್ಯಕ್ರಮ ಮುಗಿದ ಮೇಲೆ ನನ್ನ ಬಳಿ ಬಂದು ಮೊಬೈಲಿನಲ್ಲಿ ಬೇರೊಂದು ಕವಿತೆ ತೋರಿಸಿದ. ಅಪ್ಪ ಹತ್ತಿ ಹಿಂಜುತ್ತಿದ್ದ ಬಿಲ್ಲು ಅಟ್ಟದ ಮೇಲೆ ಧೂಳು ತಿನ್ನುತ್ತಿದೆ. ಗಾಳಿ ಬೀಸಿದಾಗ ಅದರ ತಂತಿ ತಾನಾಗಿಯೇ ಮಿಡಿಯುತ್ತದೆ. “ಇದನ್ಯಾಕೆ ಓದ್ಲಿಲ್ಲಪ್ಪ?” ಎಂದೆ. “ನಮ್ಮಿಂದ ಅದನ್ನ ಯಾರ್ ಕೇಳ್ತಾರೆ ಸಾರ್?” ಎಂದ.

ಈ ಉತ್ತರ ನನ್ನನ್ನು ಬಹಳವಾಗಿ ಕಾಡಿತು. ಭಾವೈಕ್ಯ ಬೇಡವೆಂದಲ್ಲ. ಆದರೆ ಮುಸ್ಲಿಮ್ ಕವಿ ಪ್ರತಿ ಸಲವೂ ಅದರ ಸರ್ಟಿಫಿಕೇಟು ಹಿಡಿದೇ ವೇದಿಕೆ ಹತ್ತಬೇಕೆಂದು ನಿರೀಕ್ಷಿಸುವುದು ಎಂಥ ಐಕ್ಯ? ಅಪ್ಪನ ಬಿಲ್ಲಿನ ಬಗ್ಗೆ ಬರೆಯುವ ಹಕ್ಕು ಅವನಿಗಿಲ್ಲವೇ? ತಪ್ಪು ಆ ಹುಡುಗನದ್ದಲ್ಲ. ಮೈಕು ಏನನ್ನು ಬಯಸುತ್ತದೆ ಎಂಬುದನ್ನು ಅವನು ನಮ್ಮ ಚಪ್ಪಾಳೆಯಿಂದಲೇ ಕಲಿತಿದ್ದಾನೆ.

ಉರ್ದು ಓದಿದ ನನಗೆ ಇಂಥಲ್ಲಿ ಮುಶಾಯರಾ ನೆನಪಾಗುವುದು ಸಹಜ. ಅಲ್ಲಿಯೂ ದೋಷಗಳಿವೆ. ‘ವಾಹ್ ವಾಹ್’ಗಾಗಿಯೇ ಶೇರ್ ಕಟ್ಟುವವರಿಗೆ ಬರವಿಲ್ಲ. ಆದರೆ ಅಲ್ಲೊಂದು ಒಳ್ಳೆಯ ರೂಢಿಯಿದೆ. ಕವಿ ಮೊದಲ ಸಾಲು ಹೇಳಿದೊಡನೆ ಕೇಳುಗರು ಅದನ್ನು ಎತ್ತಿಕೊಂಡು ಮರಳಿ ನುಡಿಯುತ್ತಾರೆ. ಇದಕ್ಕೆ ‘ಮಿಸ್ರಾ ಉಠಾನಾ’ ಎನ್ನುತ್ತಾರೆ. ಸಾಲು ಕಿವಿಗೆ ಬಿದ್ದಿದೆ, ಮುಂದೆ ಹೇಳು ಎಂದು ಅದರ ಅರ್ಥ.

ಇದನ್ನು ಕಲಿಯಲು ಚಳ್ಳಕೆರೆಯವರು ಲಖನೌಗೆ ಹೋಗಬೇಕಾಗಿಲ್ಲ. ಇದೇ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದು ಬರಹ ಅರಿಯದೆ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದ ತಾಯಿ. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು. ನಮ್ಮ ಹಟ್ಟಿಗಳಲ್ಲಿ ಒಬ್ಬಳು ಪದ ಎತ್ತಿದರೆ ಉಳಿದವರು ಹಿಂದೆ ಸೊಲ್ಲು ಹೇಳುತ್ತಾರೆ. ಕೇಳುವವಳೇ ಹಾಡುವವಳು. ಪದಗಳು ಪುಸ್ತಕವಿಲ್ಲದೆ ಉಳಿದು ಬಂದದ್ದು ಹೀಗೆ. ಮುಶಾಯರಾದ ಮಿಸ್ರಾ, ಹಟ್ಟಿಯ ಸೊಲ್ಲು ಎರಡೂ ಮಾಡುವ ಕೆಲಸ ಒಂದೇ.

ದೊಡ್ಡಉಳ್ಳಾರ್ತಿಯಲ್ಲಿ ಇಲ್ಲದಿದ್ದುದು ಇದೇ. ತಮ್ಮ ಸರದಿ ಮುಗಿದವರು ಫೋಟೋ ತೆಗೆಸಿಕೊಂಡು ಬೈಕು ಹತ್ತಿದರು. ಕೊನೆಯ ಕವಿ ಓದಿದ್ದು ಖಾಲಿ ಕುರ್ಚಿಗಳಿಗೆ.

ಆ ಹುಡುಗರ ಉತ್ಸಾಹ ದೊಡ್ಡದು. ಗೋಷ್ಠಿ ಮತ್ತೆ ನಡೆಯಲಿ, ಓದುವವರು ಹತ್ತೇ ಮಂದಿ ಇರಲಿ. ಒಬ್ಬರು ಓದಿ ಮುಗಿಸಿದ ಮೇಲೆ ಕೇಳಿದವರಲ್ಲಿ ಒಬ್ಬರು ಎದ್ದು ನೆನಪಿನಲ್ಲಿ ಉಳಿದ ಒಂದು ಸಾಲನ್ನು ಮರಳಿ ಹೇಳಲಿ. ಯಾರಿಗೂ ಏನೂ ನೆನಪಿಲ್ಲದಿದ್ದರೆ ಕವಿಗೂ ಒಂದು ಪಾಠ, ನಮಗೂ ಒಂದು ಪಾಠ. ಆಗ ಆ ಹುಡುಗ ಅಟ್ಟದ ಮೇಲಿನ ಬಿಲ್ಲನ್ನು ಕೆಳಗಿಳಿಸಿಯಾನು.